ಬಸ್ಸಿನ ಸೀಟು ಯಾರದು?

ಗೋಕಾಕ, ಮೂಡಲಗಿ, ಹುಕ್ಕೇರಿಯ ಬಸ್‌ಸ್ಟ್ಯಾಂಡುಗಳಲ್ಲಿ ಗರ್ದಿಯ ದಿನ ಗಾಡಿ ಬಂದು ನಿಲ್ಲುವ ಮೊದಲೇ ಸೀಟುಗಳು ಭರ್ತಿಯಾಗಿರುತ್ತವೆ. ಜನರಿಂದಲ್ಲ, ಕಿಡಕಿಯೊಳಗೆ ಒಗೆದ ಟಾವೆಲ್ಲು, ದಸ್ತಿ, ಚೀಲಗಳಿಂದ. ಕಸುವುಳ್ಳವನ ಟಾವೆಲ್ಲು ಕೂತಿರುತ್ತದೆ. ಘಟಪ್ರಭಾದ ಆಸ್ಪತ್ರೆಗೆ ಹೊರಟ ಮುದುಕಿ ಕಂಬ ಹಿಡಿದು ನಿಂತಿರುತ್ತಾಳೆ. ಅರಿವೆಗೆ ಸಿಕ್ಕ ಹಕ್ಕು ಆಳಿಗೆ ಸಿಗದ ಈ ಪದ್ಧತಿಯನ್ನು ಯಾವ ಕಾಯದೆಯೂ ಮಾಡಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಈ ಜಗಳಕ್ಕೆ ಹೊಸ ಮಾತೊಂದು ಕೂಡಿಕೊಂಡಿದೆ. "ನಾವು ರೊಕ್ಕಾ ಕೊಟ್ಟು ನಿಲ್ಲಬೇಕು, ಅವರು ಪುಕ್ಕಟ ಕೂಡಬೇಕೇನು?" ಓದುಬರಹ ಬಲ್ಲವರ ಬಾಯಲ್ಲೂ ಇದನ್ನು ಕೇಳುತ್ತಿದ್ದೇವೆ. ನಮ್ಮ ಉತ್ತರ ನೇರವಾದದ್ದು. ಹೆಣ್ಣುಮಗಳ ಕೈಯಲ್ಲಿರುವ ಶೂನ್ಯ ಟಿಕೇಟಿಗೂ ದರವುಂಟು. ಅದನ್ನು ಸಾರಿಗೆ ಸಂಸ್ಥೆಗೆ ತುಂಬಿಕೊಡುವ ಹೊಣೆ ಸರಕಾರದ್ದು. ಆ ಸರಕಾರದ ಬೊಕ್ಕಸ ತುಂಬುವವರಲ್ಲಿ ಕಬ್ಬಿನ ಹೊಲದ ಕಳೆ ತೆಗೆಯುವ ಆಕೆಯೂ ಒಬ್ಬಳು. ಆಕೆ ಕೊಳ್ಳುವ ಸಾಬೂನಿನ ಮೇಲೂ ತೆರಿಗೆಯಿದೆ. ಮೇಲಾಗಿ, ಯೋಜನೆಯ ಆಜ್ಞೆಯಲ್ಲಿಯೇ ಈ ಬಸ್ಸುಗಳ ಅರ್ಧದಷ್ಟು ಸೀಟುಗಳನ್ನು ಗಂಡಸರಿಗೆಂದು ಕಾದಿರಿಸಲಾಗಿದೆ. ಗಂಡಸರಿಗೆ ಅನ್ಯಾಯವಾಯಿತೆಂದು ಕೂಗುವವರು ಈ ಮಾತನ್ನು ಎತ್ತುವುದಿಲ್ಲ. ಹಾಗೆಂದು, ಆ ಅರ್ಧದಲ್ಲಿ ಕೂತ ಎಪ್ಪತ್ತರ ಅಜ್ಜನನ್ನು ಎಬ್ಬಿಸುವ ಗಟ್ಟಿಮುಟ್ಟಾದ ತಂಗಿಯರ ಪಕ್ಷವನ್ನೂ ನಾವು ವಹಿಸಲಾರೆವು.

ಕೂತ ಮೇಲಿನ ನಡತೆಯದು ಬೇರೆಯೇ ಕಥೆ. ಮೂವರ ಸೀಟಿನಲ್ಲಿ ಕಾಲು ಅಗಲಿಸಿ ಇಬ್ಬರೇ ಕೂಡುವುದು, ನಿದ್ದೆಯ ನೆವದಲ್ಲಿ ಪಕ್ಕದವಳ ಮೇಲೆ ಒರಗುವುದು. ಕಾಲೇಜಿಗೆ ಹೋಗುವ ಹುಡುಗಿ ಬಸ್ಸಿನಲ್ಲಿ ಚೀಲವನ್ನು ಎದೆಗವಚಿಕೊಂಡು ನಿಲ್ಲುವುದೇಕೆಂದು ಮನೆಯ ಹಿರಿಯರು ಒಮ್ಮೆ ಕೇಳಿ ನೋಡಲಿ. "ಗರ್ದ್ಯಾಗ ಇವೆಲ್ಲಾ ಆಗೂವ" ಎಂಬ ಸಮಾಧಾನ ನಮಗೆ ಬೇಡ. ಗರ್ದಿಗೆ ಕೈಗಳಿಲ್ಲ.

ಸೀಟಿನ ಮಾತು ಸಣ್ಣದೆಂದು ನಗುವವರೂ ಇದ್ದಾರೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೋಮರಿಯಲ್ಲಿ ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಬಿಳಿಯನಿಗಾಗಿ ಸೀಟು ಬಿಟ್ಟು ಏಳಲಿಲ್ಲ. ಆಕೆಯ ಜನ 381 ದಿನ ಬಸ್ಸು ಹತ್ತದೆ ಹೋರಾಡಿದರು. ಅದೇ ವರುಷ ನಮ್ಮ ಪಾರ್ಲಿಮೆಂಟು ಅಸ್ಪೃಶ್ಯತೆಯ ಅಪರಾಧಗಳ ಕಾಯದೆ ಮಾಡಿ, ಅಸ್ಪೃಶ್ಯನೆಂದು ಒಬ್ಬನನ್ನು ಸಾರ್ವಜನಿಕ ವಾಹನ ಹತ್ತಗೊಡದಿರುವುದನ್ನು ಶಿಕ್ಷಾರ್ಹವೆಂದು ಸಾರಿತು. ಗುಡಿಯ ಹೊರಗೆ ನಿಲ್ಲಿಸಿದವನ ಭುಜಕ್ಕೆ ಭುಜ ತಾಗಿಸಿ ಕೂಡುವುದನ್ನು ನಮ್ಮ ಹಳ್ಳಿಗಳಿಗೆ ಕಲಿಸಿದ್ದರಲ್ಲಿ ಈ ಬಸ್ಸಿನ ಪಾಲು ದೊಡ್ಡದು. ಅಡ್ಡಹೆಸರು ಕೇಳಿ ತುಸು ಸರಿದು ಕೂಡುವವರು ಇನ್ನೂ ಇದ್ದಾರೆ, ಆ ಮಾತು ಬೇರೆ.

ಪುಕ್ಕಟೆ ಪ್ರಯಾಣ ಕೊಟ್ಟ ಸರಕಾರ ಅದಕ್ಕೆ ತಕ್ಕಷ್ಟು ಗಾಡಿಗಳನ್ನೂ ಕೊಡಬೇಕು. ಶಾಲೆ ಕಾಲೇಜುಗಳ ಹೊತ್ತಿಗೆ ಮೂಡಲಗಿ–ಗೋಕಾಕ, ಹುಕ್ಕೇರಿ–ಘಟಪ್ರಭಾ ದಾರಿಗಳಲ್ಲಿ ಹೆಚ್ಚಿನ ಬಸ್ಸು ಬಿಡಬೇಕೆಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ, ಟಾವೆಲ್ಲಿಗೆ ಸೀಟಿಲ್ಲವೆಂದು ಕಂಡಕ್ಟರು ಗಟ್ಟಿಯಾಗಿ ಹೇಳಲಿ. ಹೆಂಗಸರು, ಹಿರಿಯರು, ವಿಕಲಚೇತನರ ಸೀಟುಗಳ ಮೇಲೆ ಅಳಿಸಿಹೋದ ಅಕ್ಷರಗಳನ್ನು ಮತ್ತೆ ಬರೆಸಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ, ಡಿಪೋದಲ್ಲಿ ಒಂದು ಡಬ್ಬಿ ಬಣ್ಣವಿದ್ದರೆ ಸಾಕು.