ಹೊಟ್ಟೆಯದೋ, ಎದೆಯದೋ

ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರು ಇನ್‌ಹೇಲರ್ ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಕೇಳಿದರು. "ಅಪ್ಪಾ, ನಿಮ್ಮದು ಹೊಟ್ಟೇದೋ ಎದೇದೋ?" ಎಂದ ಮಗ. "ಮಲಗಿದಾಗ ಬರೋದು ಕಣಪ್ಪ" ಎಂದರು. ಮಗನ ಪ್ರಶ್ನೆಯನ್ನೇ ಹೊತ್ತು ಮನೆಗೆ ಬಂದೆ.

ಬಂದವನೇ ಚರಕಸಂಹಿತೆ ತೆಗೆದೆ. ಚಿಕಿತ್ಸಾಸ್ಥಾನದ 17ನೇ ಅಧ್ಯಾಯ ಬಿಕ್ಕಳಿಕೆಯನ್ನೂ ಉಬ್ಬಸವನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಎರಡೂ ಕಫವಾತಗಳ ರೋಗ, ಹುಟ್ಟುವುದು ಮಾತ್ರ ಪಿತ್ತಸ್ಥಾನದಲ್ಲಿ. ಅದೆಲ್ಲಿದೆ? ಸೂತ್ರಸ್ಥಾನದ 20ನೇ ಅಧ್ಯಾಯ ಬೆವರು, ರಸ, ಲಸಿಕೆ, ರಕ್ತ ಎಂದು ಎಣಿಸಿ, ವಿಶೇಷವಾಗಿ ಆಮಾಶಯ ಎನ್ನುತ್ತದೆ. ಕಫದ ನೆಲೆಗಳ ಪಟ್ಟಿಯಲ್ಲೂ ಅದೇ ಆಮಾಶಯ, ಎದೆಯ ಜೊತೆಗೇ. ವಿಮಾನಸ್ಥಾನದಲ್ಲಿ ಅದರ ಎಲ್ಲೆ: ಹೊಕ್ಕುಳಿಗೂ ಮೊಲೆಗಳಿಗೂ ನಡುವೆ. ಮಗ ಹಾಕಿದ ಗೆರೆಯನ್ನು ಚರಕ ಹಾಕಿರಲೇ ಇಲ್ಲ.

ಇಷ್ಟು ಹೇಳಿದೊಡನೆ, ಆಸಿಡ್ ರಿಫ್ಲಕ್ಸ್ ನಮ್ಮ ಪೂರ್ವಿಕರಿಗೆ ಆಗಲೇ ಗೊತ್ತಿತ್ತು ಎನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪಿತ್ತ ಎಂದರೆ ಹೈಡ್ರೋಕ್ಲೋರಿಕ್ ಆಮ್ಲವಲ್ಲ. ಹಾಗೆ ಓದಿದರೆ ಚರಕನೂ ಸಿಗುವುದಿಲ್ಲ, ರಸಾಯನಶಾಸ್ತ್ರವೂ ಸಿಗುವುದಿಲ್ಲ.

ಆದರೂ ನಂಟು ನಿಜ. ಭ್ರೂಣಕ್ಕೆ 4 ವಾರವಾದಾಗ ಶ್ವಾಸಕೋಶ ಮೊಳೆಯುವುದು ಅನ್ನನಾಳವಾಗುವ ಕೊಳವೆಯಿಂದಲೇ. ಎರಡಕ್ಕೂ ವೇಗಸ್ ನರವೇ. ಅನ್ನನಾಳದ ತಳಕ್ಕೆ ಹುಳಿ ತಾಗಿದರೆ ಆ ನರದ ದಾರಿಯಾಗಿ ಉಸಿರುಕೊಳವೆ ಬಿಗಿಯಬಹುದು. ತೊಟ್ಟು ಹುಳಿ ಅದರೊಳಗೇ ಇಳಿಯಲೂಬಹುದು. ಹಾಗಿದ್ದರೆ ಹುಳಿ ತಗ್ಗಿಸಿದರೆ ಸಾಕಲ್ಲವೇ? ಎದೆಯುರಿ ಇಲ್ಲದ ಅಥವಾ ತೀರ ಕಡಿಮೆಯಿದ್ದ, ಆಸ್ತಮಾ ಹತೋಟಿಗೆ ಬಾರದ 412 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. 24 ವಾರ ಹುಳಿ ತಗ್ಗಿಸುವ ಎಸೊಮೆಪ್ರಜೋಲ್ ನುಂಗಿದವರ ಆಸ್ತಮಾ, ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ಸುಧಾರಿಸಲಿಲ್ಲ.

ಇಲ್ಲಿಗೆ ಬಂದು ನಿಂತೆ. ಅಂಗಡಿಯಿಂದ ನಾನು ಹೊತ್ತು ತರಬೇಕಿದ್ದದ್ದು ತಂದೆಯ ಉತ್ತರವನ್ನು. ತಮಕಶ್ವಾಸ ಎಂಬ ಬಗೆಯ ಉಬ್ಬಸದವನಿಗೆ ಮಲಗಿದರೆ ಕಷ್ಟ, ಕೂತರೆ ಸುಖ ಎಂದು ಅದೇ 17ನೇ ಅಧ್ಯಾಯದಲ್ಲಿದೆ. ಪಿತ್ತಸ್ಥಾನ ಹುಡುಕುತ್ತ ಅದನ್ನು ದಾಟಿ ಹೋಗಿದ್ದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಕಡಿಮೆ. ಮೇಲೆ ಬಂದ ಹುಳಿ ಬೇಗ ಇಳಿಯದು. ರಿಫ್ಲಕ್ಸ್ ಇರಲಿ ಬಿಡಲಿ, ಆಸ್ತಮಾದವರ ಉಸಿರುಕೊಳವೆ ಬೆಳಗಿನ ಜಾವಕ್ಕೆ ತಾನಾಗಿಯೇ ಕಿರಿದಾಗುತ್ತದೆ. ವಿಲಿಯಂ ಆಸ್ಲರ್ 1892ರಲ್ಲಿ ಮೊದಲು ಅಚ್ಚಾದ ತಮ್ಮ ವೈದ್ಯಪಠ್ಯದಲ್ಲಿ, ರಾತ್ರಿಯ ಉಬ್ಬಸ ತಪ್ಪಿಸಿಕೊಳ್ಳಲು ರೋಗಿಗಳೇ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದನ್ನು ಕಲಿಯುತ್ತಾರೆ ಎಂದು ಬರೆದರು.

ಆ ಹಿರಿಯರು ರಾತ್ರಿ ಉಣ್ಣುವುದು ಎಷ್ಟು ಹೊತ್ತಿಗೆ, ಕೈ ತೊಳೆದು ಎಷ್ಟು ಹೊತ್ತಿಗೆ ಹಾಸಿಗೆಗೆ ಹೋಗುತ್ತಾರೆ, ಮಂಚದ ತಲೆದೆಸೆಗೆ ಇಟ್ಟಿಗೆ ಕೊಟ್ಟಿದ್ದಾರೆಯೇ? ಮಗ ಕೇಳಲಿಲ್ಲ, ಅಂಗಡಿಯವರು ಕೇಳಲಿಲ್ಲ. ಹಿಂದೆಯೇ ನಿಂತಿದ್ದ ನಾನೂ ಕೇಳಲಿಲ್ಲ.