ಯಾವ ಬ್ರಾಹ್ಮಿ ಸ್ವಾಮಿ?

ನೆನಪಿನ ಶಕ್ತಿಗೆ 'ಬ್ರಾಹ್ಮಿ' ತಿನ್ನಿ ಅಂತ ಬ್ಲಾಗಿನಲ್ಲಿ ಬರೆಯೋರ ಮೇಲೆ ನನ್ನದೊಂದು ತಕರಾರಿದೆ. ಯಾವ ಬ್ರಾಹ್ಮಿ? ನಾವು ತಂಬುಳಿ ಮಾಡೋ ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ ಕುಟುಂಬದ್ದು, ತೊಟ್ಟಿಗೊಂದೇ ದುಂಡೆಲೆ. ನೀರುಬ್ರಾಹ್ಮಿ ಬಕೋಪಾ ಮೊನಿಯೆರಿ. ದಪ್ಪನೆಯ ಪುಟ್ಟ ಎಲೆಗಳು ಜೋಡಿ ಜೋಡಿ. ಒಂದರಲ್ಲಿ ಏಷಿಯಾಟಿಕೋಸೈಡ್, ಇನ್ನೊಂದರಲ್ಲಿ ಬಕೋಸೈಡ್. ಒಂದರ ಗುಣವನ್ನ ಇನ್ನೊಂದರ ಫೋಟೋಗೆ ಅಂಟಿಸಿದ್ರೆ, ನಂಬಿ ತಿಂದವರ ಗತಿ?

ಲ್ಯಾಟಿನ್ ಹೆಸರೂ ಬದಲಾಗುತ್ತಲ್ಲ ಅಂತೀರಾ? ಹೌದು. ಒಂದೆಲಗಕ್ಕೆ 1753ರಲ್ಲಿ ಲಿನೇಯಸ್ ಇಟ್ಟದ್ದು ಹೈಡ್ರೊಕೊಟೈಲ್ ಏಷಿಯಾಟಿಕಾ. 1879ರಲ್ಲಿ ಸೆಂಟೆಲ್ಲಾ ಆಯ್ತು. ಆದ್ರೆ ಆ ಹಳೇ ಹೆಸರು ಹಿಡಿದು ಹೊರಟರೂ ಅದೇ ಗಿಡಕ್ಕೆ ಬಂದು ನಿಲ್ತೀವಿ. 'ಬ್ರಾಹ್ಮಿ' ಹಿಡಿದು ಹೊರಟರೆ ದಾರಿ ಎರಡು!

ನೋಡಿದ ಕೂಡಲೇ ಗುರುತು ಸಿಗೋ 'ಒಂದೆಲಗ' ನಮ್ಮಲ್ಲೇ ಇದೆಯಲ್ಲ. ಅದನ್ನೇ ಬರೆಯಿರಿ, ಪಕ್ಕದಲ್ಲಿ ಲ್ಯಾಟಿನ್ನೂ ಇರಲಿ. ಏನಂತೀರಿ?