ಪ್ರೈಡ್ ಮೆರವಣಿಗೆ: ಪ್ರಾಯೋಜಕರಿಲ್ಲದೆಯೂ ತಿರುಗುವ ಬಾವುಟ

ಸ್ಯಾನ್‌ಫ್ರಾನ್ಸಿಸ್ಕೋದ ಪ್ರೈಡ್ ಮೆರವಣಿಗೆಗೆ 2025ರಲ್ಲಿ ದುಡ್ಡಿನ ತಾಪತ್ರಯ ಬಂತು. ಹಿಂದೆ ಹಣ ಕೊಡುತ್ತಿದ್ದ ಕಾಮ್‌ಕಾಸ್ಟ್, ಆನ್‌ಹೈಸರ್-ಬುಶ್‌ನಂಥ ದೊಡ್ಡ ಕಂಪನಿಗಳು ಆ ವರ್ಷ ಕೈ ಹಿಂದೆಗೆದವು. ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾದ ಮೇಲೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕಂಪನಿಗಳಿಗೆ ಬೇಗ ಗೊತ್ತಾಗುತ್ತದೆ ಬಿಡಿ! ಆದರೂ ಜೂನ್ 29ರ ಭಾನುವಾರ ಮಾರ್ಕೆಟ್ ಸ್ಟ್ರೀಟಿನಲ್ಲಿ ಮೆರವಣಿಗೆ ನಡೆಯಿತು.

ಬೇ ಏರಿಯಾದ ಕನ್ನಡಿಗರಲ್ಲಿ ಅನೇಕರಿಗೆ ಈ ಮೆರವಣಿಗೆ ಪರಿಚಯವಾದದ್ದು ಆಫೀಸಿನ ಮೂಲಕ. ನಡೆಯಲು ಬರುವವರು ಹೆಸರು ಕೊಡಿ ಎಂದು ಈಮೇಲ್ ಬರುತ್ತದೆ, ಕಂಪನಿ ಹೆಸರಿನ ಟೀ-ಶರ್ಟ್ ಸಿಗುತ್ತದೆ, ಒಂದು ಟ್ರಕ್ ಅಲಂಕಾರಗೊಂಡು ನಿಲ್ಲುತ್ತದೆ. ಒಳ್ಳೆಯದೇ. ಆದರೆ ಬಜೆಟ್ಟಿನ ಒಂದು ಸಾಲು ಅಳಿಸಿದರೆ ಟೀ-ಶರ್ಟೂ ಇಲ್ಲ, ಟ್ರಕ್ಕೂ ಇಲ್ಲ. ಹಾಗಾದರೆ ಅಲ್ಲಿ ಸ್ವಂತ ಕಾಲ ಮೇಲೆ ನಿಂತಿರುವುದು ಯಾವುದು? ನನಗೆ ಕಾಣುವ ಉತ್ತರ, ಬ್ಯಾಂಡಿನ ಜೊತೆ ಬಾವುಟ ತಿರುಗಿಸುತ್ತ ಬರುವವರ ಸಾಲು.

ಈ ಸಾಲಿನ ಕಥೆ 1978ಕ್ಕೆ ಹೋಗುತ್ತದೆ. ಕ್ಯಾನ್ಸಸ್‌ನಲ್ಲಿ ಹುಟ್ಟಿದ ಜಾನ್ ಸಿಮ್ಸ್ ಎಂಬ ಸಂಗೀತ ಮೇಷ್ಟ್ರು ಆ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 'ಗೇ ಫ್ರೀಡಂ ಡೇ ಮಾರ್ಚಿಂಗ್ ಬ್ಯಾಂಡ್ ಅಂಡ್ ಟ್ವರ್ಲಿಂಗ್ ಕೋರ್' ಕಟ್ಟಿದರು. ಊದುವವರು, ಬಾರಿಸುವವರ ಜೊತೆ ತಿರುಗಿಸುವವರಿಗೂ ಹೆಸರಿನಲ್ಲೇ ಜಾಗವಿತ್ತು ಎಂಬುದನ್ನು ಗಮನಿಸಿ. ಅದು ಎಂಥ ವರ್ಷ ಗೊತ್ತೆ? ಸಲಿಂಗಿಗಳು ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಕೂಡದು ಎಂಬ ಪ್ರಸ್ತಾಪ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಬಂದ ವರ್ಷ. ಬ್ರಿಗ್ಸ್ ಪ್ರಸ್ತಾಪ ಎಂದೇ ಅದಕ್ಕೆ ಹೆಸರು. ಸಿಮ್ಸ್ ಅವರಂಥ ಮೇಷ್ಟ್ರ ಹೊಟ್ಟೆಪಾಡಿಗೇ ಕಲ್ಲು ಹಾಕುವಂಥದ್ದು. ನವೆಂಬರಿನಲ್ಲಿ ಜನ ಅದನ್ನು ಸೋಲಿಸಿದರು. ಅದೇ ತಿಂಗಳ 27ರಂದು, ಅದರ ವಿರುದ್ಧ ಹೋರಾಡಿದ್ದ ಹಾರ್ವೆ ಮಿಲ್ಕ್ ಅವರ ಕೊಲೆಯಾಯಿತು. ಸಿಮ್ಸ್ ಕೂಡ ಹೆಚ್ಚು ಕಾಲ ಬದುಕಲಿಲ್ಲ. 1984ರಲ್ಲಿ, 37ನೇ ವಯಸ್ಸಿಗೆ, ಏಡ್ಸ್ ಅವರನ್ನು ಒಯ್ದಿತು. ಅವರ ಬ್ಯಾಂಡ್ ಇಂದಿಗೂ ಇದೆ. ಇಂಥ ಬ್ಯಾಂಡ್‌ಗಳು ಬೇರೆ ಊರುಗಳಲ್ಲೂ ಹುಟ್ಟಿ, 1982ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. 2009ರಲ್ಲಿ ಒಬಾಮ ಅಧಿಕಾರ ಸ್ವೀಕರಿಸಿದ ದಿನದ ಪಥಸಂಚಲನದಲ್ಲಿ ಆ ಒಕ್ಕೂಟದವರು ನಡೆದರು.

ಅಂದ ಹಾಗೆ, ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದೂ ಈ ಬ್ಯಾಂಡ್ ಮೊದಲು ಬೀದಿಗಿಳಿದ ಆ 1978ರ ಜೂನ್ ಮೆರವಣಿಗೆಯಲ್ಲೇ. ಗಿಲ್ಬರ್ಟ್ ಬೇಕರ್ ಮತ್ತು ಸಂಗಡಿಗರು ಕೈಯಾರೆ ಬಣ್ಣ ಹಾಕಿದ ಆ ಬಾವುಟದಲ್ಲಿ ಎಂಟು ಪಟ್ಟಿಗಳಿದ್ದವು. ಈಗ ಸಾಮಾನ್ಯವಾಗಿ ಕಾಣುವುದು ಆರು.

ಬಾವುಟ ತಿರುಗಿಸುವುದೇನು ಮಹಾ ಎನ್ನಬೇಡಿ. ಸುಮಾರು ಆರು ಅಡಿಯ ಕೋಲು. ಸಮತೋಲಕ್ಕೆಂದು ತುದಿಗಳಲ್ಲಿ ತೂಕ, ಕೈ ಎಲ್ಲಿ ಹಿಡಿಯಬೇಕೆಂಬ ಗುರುತಿಗೆ ಟೇಪು. ಎಂಟರ ಎಣಿಕೆಗೆ ಸಾಲಿನ ಎಲ್ಲ ಕೋಲುಗಳೂ ಒಂದೇ ಕೋನದಲ್ಲಿರಬೇಕು. ಒಬ್ಬರ ಕೋಲು ಅರ್ಧ ಎಣಿಕೆ ಹಿಂದೆ ಬಿದ್ದರೂ ದೂರದಿಂದ ಕಾಣುತ್ತದೆ. ಶಾಲೆಯ ಮೈದಾನದಲ್ಲಾದರೆ ಕೆಲವೇ ನಿಮಿಷದ ಪ್ರದರ್ಶನ. ಇಲ್ಲಿ ಎಂಬಾರ್ಕಡೆರೋದಿಂದ ಸಿವಿಕ್ ಸೆಂಟರಿನವರೆಗೆ ನಡೆಯುತ್ತಲೇ ತಿರುಗಿಸಬೇಕು, ಅದೂ ಈ ಊರಿನ ಎದುರುಗಾಳಿಯಲ್ಲಿ. ಕೋಲು ಬಿದ್ದರೆ ಎತ್ತಿಕೊಂಡು ಮುಂದಿನ ಎಣಿಕೆಗೆ ಸೇರಿಕೊಳ್ಳಬೇಕು, ಸಾಲು ನಿಲ್ಲುವುದಿಲ್ಲ. ನಮ್ಮ ನಂದಿಕೋಲು ಕುಣಿತ ನೋಡಿದವರಿಗೆ ಇದರ ಹಿಂದಿನ ಅಭ್ಯಾಸ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಸಾಮಾನಿಗೆ ಹೆಚ್ಚು ದುಡ್ಡು ಬೇಡ. ಬೇಕಾದದ್ದು ಕೆಲಸ ಮುಗಿಸಿ ಬಂದವರ ಸಂಜೆಗಳು. ಅದನ್ನು ಯಾವ ಪ್ರಾಯೋಜಕನೂ ಕೊಟ್ಟಿರಲಿಲ್ಲ, ಹಾಗಾಗಿ ಕಿತ್ತುಕೊಳ್ಳಲೂ ಬರುವುದಿಲ್ಲ.

ಹಾಗಂತ ದುಡ್ಡೇ ಬೇಡ ಎಂದಲ್ಲ. ಲಕ್ಷಾಂತರ ಜನ ಸೇರುವಲ್ಲಿ ಬ್ಯಾರಿಕೇಡ್, ಶೌಚಾಲಯ, ವೇದಿಕೆ, ವಿಮೆ ಎಲ್ಲಕ್ಕೂ ಬಿಲ್ ಬರುತ್ತದೆ. ಒಂದು ಯುಗಾದಿ ಕಾರ್ಯಕ್ರಮಕ್ಕೆ ಹಾಲ್ ಬುಕ್ ಮಾಡಿ ಗೊತ್ತಿರುವ ನಮ್ಮ ಸಮಿತಿಯವರಿಗೆ ಈ ಸಂಕಟ ಅರ್ಥವಾಗುತ್ತದೆ. ಆದರೆ ಬೇರೆ ದಾರಿಯೂ ಇದೆ. ನಮ್ಮ ಬೆಂಗಳೂರಿನ ಪ್ರೈಡ್ 2008ರಲ್ಲಿ ಶುರುವಾದಾಗ 377ನೇ ಕಲಮು ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಆ ಮೆರವಣಿಗೆ ಸಮುದಾಯದವರ ಮತ್ತು ಹಿತೈಷಿಗಳ ವಂತಿಗೆಯ ಬಲದಿಂದ ನಡೆದುಬಂದಿದೆ. ಬೇ ಏರಿಯಾದಲ್ಲಿ ದಕ್ಷಿಣ ಏಷ್ಯಾದವರ 'ತ್ರಿಕೋಣ್' ಸಂಸ್ಥೆ ಹುಟ್ಟಿದ್ದು 1986ರಲ್ಲಿ. 

ಇನ್ನು ನಮ್ಮ ಮನೆಗಳ ವಿಷಯ. ಇಲ್ಲಿ ಹೈಸ್ಕೂಲಿನ ಕಲರ್ ಗಾರ್ಡ್‌ನಲ್ಲಿ ಬಾವುಟ ಹಿಡಿಯುವ ನಮ್ಮ ಮಕ್ಕಳೂ ಇದ್ದಾರೆ. ಮಗಳು ಸೇರಿದರೆ ಫೋಟೋ ತೆಗೆದು ಊರಿಗೆ ಕಳಿಸುತ್ತೇವೆ. ಮಗ ಸೇರುತ್ತೇನೆಂದರೆ "ಡ್ರಮ್ಸ್ ತೊಗೋ ಮರಿ" ಎನ್ನುತ್ತೇವೆ. ಯಾಕೆ? ಜನ ಏನಂದುಕೊಂಡಾರು ಎಂಬ ಅಳುಕು. ಬಾವುಟ ಹಿಡಿದ ಹುಡುಗರೆಲ್ಲ ಸಲಿಂಗಿಗಳಲ್ಲ, ಸಲಿಂಗಿಗಳೆಲ್ಲ ಬಾವುಟ ಹಿಡಿಯುವುದೂ ಇಲ್ಲ. ಆದರೆ ನಮ್ಮ ಕೂಟದ ಕಾರ್ಯಕ್ರಮಕ್ಕೆ ಬರುವ ನೂರಾರು ಮಕ್ಕಳಲ್ಲಿ ಸಲಿಂಗಿಗಳು ಒಬ್ಬರೂ ಇಲ್ಲ ಎಂದು ನಂಬುವುದು ಗಣಿತಕ್ಕೇ ವಿರುದ್ಧ. ಅಂಥ ಮಗುವಿಗೆ "ಡ್ರಮ್ಸ್ ತೊಗೋ" ಎಂಬ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ಹೈಸ್ಕೂಲ್ ಮುಗಿದ ಮೇಲೆ ಎಷ್ಟೋ ಮಕ್ಕಳ ಕೋಲು ಗ್ಯಾರೇಜಿನ ಮೂಲೆ ಸೇರುತ್ತದೆ. ಅದನ್ನು ಮತ್ತೆ ಹೊರತೆಗೆಯಲು ದೊಡ್ಡವರಿಗೆ ಉಳಿದಿರುವ ಜಾಗಗಳಲ್ಲಿ ಈ ಸಮುದಾಯ ತಂಡಗಳೂ ಸೇರಿವೆ. ಸಿಮ್ಸ್ ಕಟ್ಟಿದ ಬ್ಯಾಂಡಿನಲ್ಲಿ ಸಲಿಂಗಿಗಳಲ್ಲದ ಸ್ನೇಹಿತರಿಗೂ ಸ್ವಾಗತವಿದೆ.

ಮೆರವಣಿಗೆ ಜೂನ್ ತಿಂಗಳ ಕೊನೆಯ ಭಾನುವಾರ. ಪಾರ್ಕಿಂಗ್ ಹುಡುಕುವ ಸಾಹಸ ಬೇಡ, ಬಾರ್ಟ್ ಹಿಡಿದು ಎಂಬಾರ್ಕಡೆರೋ ಅಥವಾ ಮಾಂಟ್ಗೊಮರಿಯಲ್ಲಿ ಇಳಿಯಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಬ್ಯಾಂಡಿನ ಸದ್ದು ಕೇಳಿದಾಗ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಬಾವುಟಗಳ ಸಾಲು ಚೆನ್ನಾಗಿ ಕಾಣುತ್ತದೆ. ಬಿಸಿಲಿದೆ ಎಂದು ನಂಬಿ ಜಾಕೆಟ್ ಮಾತ್ರ ಬಿಟ್ಟು ಹೋಗಬೇಡಿ.